ತಂಗಿಯ ಮದುವೆಗೆ ಬಂದವನು ಗಾಂಜಾ ಬಿಟ್ಟ 24 ದಿನಗಳು: ಒಂದು ಪ್ರಕರಣ ಅಧ್ಯಯನ

31 ವರ್ಷದ ಅವಿವಾಹಿತ ಯುವಕ. ಆರು ವರ್ಷಗಳಿಂದ ಟೊರಾಂಟೋದಲ್ಲಿ ಸಾಫ್ಟ್‌ವೇರ್ ಕೆಲಸ. ತಂಗಿಯ ಮದುವೆಗೆಂದು ಮೇ ತಿಂಗಳಲ್ಲಿ ಹಾಸನ ಜಿಲ್ಲೆಯ ತನ್ನ ಊರಿಗೆ ಬಂದಿದ್ದ. ಬಂದ ಐದನೆಯ ದಿನ ತಾಯಿ ಮತ್ತು ಸೋದರಮಾವ ಅವನನ್ನು ನನ್ನ ಬಳಿ ಕರೆತಂದರು. ರಾತ್ರಿಯೆಲ್ಲ ನಿದ್ರೆಯಿಲ್ಲ, ಊಟ ಸೇರುವುದಿಲ್ಲ, ಬೆವರಿಗೆ ಹಾಸಿಗೆ ತೊಯ್ದುಹೋಗುತ್ತದೆ, ಮಾತು ಮಾತಿಗೂ ಸಿಡುಕು. ಹಿಂದಿನ ಸಂಜೆ ಅಡುಗೆಯವರಿಗೆ ಕೊಡುವ ಮುಂಗಡದ ವಿಚಾರಕ್ಕೆ ತಂದೆಯ ಮೇಲೆ ರೇಗಿ, ನೆಂಟರೆದುರೇ ತಟ್ಟೆ ತಳ್ಳಿ ಎದ್ದುಹೋಗಿದ್ದ. ತಾಯಿಗೆ ಅದೇ ದೊಡ್ಡ ನೋವು. “ಇವನು ಹೀಗಿರಲಿಲ್ಲ, ಯಾರದೋ ದೃಷ್ಟಿ ತಾಗಿದೆ” ಎಂದರು.

ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತದಂತೆ ಮನೆ ಮತ್ತು ಕೆಲಸದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ನನ್ನಲ್ಲಿಗೆ ಬರುವ ಮೊದಲು ಊರಿನ ವೈದ್ಯರೊಬ್ಬರು ಡೆಂಗಿ ಮತ್ತು ಟೈಫಾಯ್ಡ್ ಪರೀಕ್ಷೆ ಮಾಡಿಸಿದ್ದರು. ಮುಂಗಾರಿಗೆ ಮುಂಚಿನ ಆ ದಿನಗಳಲ್ಲಿ ಅದು ಸರಿಯಾದ ಕ್ರಮವೇ. ಎರಡೂ ಇರಲಿಲ್ಲ, ಪ್ಲೇಟ್‌ಲೆಟ್ ಎಣಿಕೆ ಸರಿಯಾಗಿತ್ತು. ಚಳಿ ಚಳಿ ಎನ್ನುತ್ತಿದ್ದರೂ ಥರ್ಮಾಮೀಟರಿನಲ್ಲಿ ಜ್ವರ ಏರುತ್ತಿರಲಿಲ್ಲ. ವಿಮಾನ ಪ್ರಯಾಣದ ಆಯಾಸವಿರಬೇಕೆಂದು ಮನೆಯವರು ಸಮಾಧಾನ ಮಾಡಿಕೊಂಡಿದ್ದರು. ಬೇಸಿಗೆಯಲ್ಲಿ ಟೊರಾಂಟೋ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ ಇರುತ್ತದೆ, ನಿದ್ರೆ ಕೆಡುವುದು ಸಹಜ. ಆದರೆ ಸಮಯದ ಏರುಪೇರಿಗೆ ಮೈ ಹೀಗೆ ಬೆವರುವುದಿಲ್ಲ, ಹೊಟ್ಟೆ ಹೀಗೆ ಹಿಂಡುವುದಿಲ್ಲ, ಐದು ದಿನದಲ್ಲಿ ಮೂರು ಕಿಲೋ ತೂಕ ಇಳಿಯುವುದಿಲ್ಲ.

ತಾಯಿಯನ್ನೂ ಮಾವನನ್ನೂ ಹೊರಗೆ ಕೂರಿಸಿ ಬಾಗಿಲು ಹಾಕಿದೆ. ಸುತ್ತು ಬಳಸದೆ ಕೇಳಿದೆ: “ಅಲ್ಲಿ ಗಾಂಜಾ ಸೇದುವ ಅಭ್ಯಾಸವಿದೆಯೇ?” ಅವನು ಸ್ವಲ್ಪ ಹೊತ್ತು ನೆಲ ನೋಡುತ್ತ ಕುಳಿತ. ಆಮೇಲೆ, “ಅಲ್ಲಿ ಅದು ಕಾನೂನುಬದ್ಧ ಸರ್” ಎಂದ.

ಅದು ನಿಜ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರಿಗೆ ಕ್ಯಾನಬಿಸ್ (ಗಾಂಜಾ) ಮಾರಾಟ ಕಾನೂನುಬದ್ಧ. ಒಂಟಾರಿಯೋದಲ್ಲಿ 19 ತುಂಬಿದ ಯಾರು ಬೇಕಾದರೂ ಅಂಗಡಿಗೆ ಹೋಗಿ ಕೊಳ್ಳಬಹುದು. ನನಗೆ ಬೇಕಾಗಿದ್ದು ಎಷ್ಟು, ಯಾವಾಗಿನಿಂದ, ಕೊನೆಯ ಸಲ ಯಾವಾಗ ಎಂಬುದು. ತೀರ್ಪು ಕೊಡಲು ಕೇಳುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಎಲ್ಲವನ್ನೂ ಹೇಳಿದ.

ಮೊದಲ ವರ್ಷ ಶನಿವಾರಗಳಲ್ಲಿ ಗೆಳೆಯರೊಂದಿಗೆ ಒಂದೇ ಸುರುಳಿಯನ್ನು ಹಂಚಿಕೊಂಡು ಸೇದುತ್ತಿದ್ದ. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸ ಶುರುವಾದಾಗ ರಾತ್ರಿಯ ನಿದ್ರೆಗೆಂದು ದಿನಾ ಒಂದಾಯಿತು. 2021ರ ಮೇ ನಂತರ ಹಗಲಿಗೂ ಬಂತು. ಈಚೆಗೆ ದಿನಕ್ಕೆ ಸುಮಾರು ಎರಡು ಗ್ರಾಂ ಒಣ ಹೂವು, ಜೊತೆಗೆ ಮಲಗುವ ಮುನ್ನ ವೇಪ್ (ಸುಡದೆ ಆವಿ ಎಳೆದುಕೊಳ್ಳುವ ಸಾಧನ). ಅವನು ಕೊಳ್ಳುತ್ತಿದ್ದ ಹೂವಿನಲ್ಲಿ ಟಿಎಚ್‌ಸಿ, ಅಂದರೆ ಮತ್ತು ತರಿಸುವ ರಾಸಾಯನಿಕದ ಪ್ರಮಾಣ 20 ಶೇಕಡಾ ದಾಟಿತ್ತು. ಎರಡು ಗ್ರಾಂ ಎಂದರೆ ಕನಿಷ್ಠ 400 ಮಿಲಿಗ್ರಾಂ ಟಿಎಚ್‌ಸಿ. ಸುಟ್ಟಾಗ ಬಹುಪಾಲು ಹಾಳಾಗಿ ಒಂದಂಶ ಮಾತ್ರ ಮೈಗೆ ಸೇರುತ್ತದೆ, ನಿಜ. ಆದರೂ ಕೆನಡಾದಲ್ಲಿ ತಿನ್ನುವ ಕ್ಯಾನಬಿಸ್ ಪದಾರ್ಥದ ಒಂದು ಪೊಟ್ಟಣಕ್ಕೆ ಕಾನೂನು ಹಾಕಿರುವ ಮಿತಿ 10 ಮಿಲಿಗ್ರಾಂ ಎಂಬುದನ್ನು ನೆನೆದರೆ ಅವನು ಎಲ್ಲಿ ತಲುಪಿದ್ದನೆಂಬುದು ಗೊತ್ತಾಗುತ್ತದೆ.

“ಎಷ್ಟು ಸೇದಿದರೂ ಏನೂ ಆಗುವುದಿಲ್ಲ ಸರ್. ಸೇದದಿದ್ದರೆ ಮಾತ್ರ ಏನೋ ಆಗುತ್ತದೆ” ಎಂದ. ಈ ತಾಳಿಕೆಯನ್ನು (ಟಾಲರೆನ್ಸ್), ಅಂದರೆ ಅಭ್ಯಾಸದಿಂದ ಪರಿಣಾಮ ಕುಗ್ಗುವುದನ್ನು, ಇಳಿಸಿಕೊಳ್ಳಲು ಕೆಲವು ವಾರ ಪೂರ್ತಿ ನಿಲ್ಲಿಸುವ ಪದ್ಧತಿ ಉತ್ತರ ಅಮೆರಿಕದ ಬಳಕೆದಾರರಲ್ಲಿ ಚೆನ್ನಾಗಿ ಬೇರೂರಿದೆ. ವರ್ಮಾಂಟ್ ವಿಶ್ವವಿದ್ಯಾಲಯವು ತನ್ನ ವಿದ್ಯಾರ್ಥಿಗಳಿಗೆಂದೇ 21 ದಿನಗಳ ಕೈಪಿಡಿಯೊಂದನ್ನು ಸಿದ್ಧಪಡಿಸಿದೆ. ಇವನಿಗೂ ಆ ಯೋಚನೆ ಬಹಳ ದಿನಗಳಿಂದ ಇತ್ತು, ಟೊರಾಂಟೋದಲ್ಲಿ ಎರಡು ದಿನಕ್ಕಿಂತ ಹೆಚ್ಚು ತಡೆಯಲಾಗಿರಲಿಲ್ಲ. ಮದುವೆಗೆ 24 ದಿನಗಳ ರಜೆ ಸಿಕ್ಕಾಗ ಇದೇ ಅವಕಾಶವೆಂದುಕೊಂಡ. ಗಡಿ ದಾಟಿಸಿ ತರುವುದು ಕೆನಡಾದ ಕಾನೂನಿನಲ್ಲೂ ಅಪರಾಧ, ಇಲ್ಲಂತೂ ಸರಿಯೇ. ಹಾಗಾಗಿ ಬೇಕೆಂದರೂ ಕೈಗೆ ಸಿಗದ ಜಾಗಕ್ಕೆ ಹೋಗುತ್ತಿದ್ದೇನೆಂಬ ಧೈರ್ಯ. ಆದರೆ ಮುಂಚಿತವಾಗಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ವಿಮಾನ ಹತ್ತುವ ದಿನ ಬೆಳಿಗ್ಗೆಯೂ ಮಾಮೂಲಿನಷ್ಟೇ ಸೇದಿ ಹೊರಟಿದ್ದ.

ಕ್ಯಾನಬಿಸ್ ಬಿಟ್ಟಾಗಿನ ಬಾಧೆ ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ತಲೆದೋರುತ್ತದೆ, ಮೊದಲ ವಾರದಲ್ಲೇ ಉಲ್ಬಣಿಸುತ್ತದೆ, ಬಹುಪಾಲು ಎರಡು ವಾರದಲ್ಲಿ ಇಳಿಯುತ್ತದೆ. ಸಿಡುಕು, ಆತಂಕ, ನಿದ್ರಾಭಂಗ, ಹಸಿವಿಲ್ಲದಿರುವುದು, ಚಡಪಡಿಕೆ, ಕುಗ್ಗಿದ ಮನಸ್ಸು, ಜೊತೆಗೆ ಹೊಟ್ಟೆನೋವು, ಬೆವರು, ನಡುಕ, ಚಳಿ, ತಲೆನೋವಿನಂಥ ದೇಹಬಾಧೆ. ಅಮೆರಿಕದ ಮನೋವೈದ್ಯಕೀಯ ಸಂಘವು 2013ರಲ್ಲಿ ಇದನ್ನು ಅಧಿಕೃತ ರೋಗನಿರ್ಣಯಗಳ ಪಟ್ಟಿಗೆ ಸೇರಿಸಿತು. ಹಾಗಿದ್ದೂ “ಗಾಂಜಾ ಬಿಟ್ಟರೆ ಏನೂ ಆಗುವುದಿಲ್ಲ, ಅದು ಸೊಪ್ಪು” ಎನ್ನುವ ಮಾತನ್ನು ವಿದ್ಯಾವಂತರ ಬಾಯಲ್ಲೂ ಕೇಳುತ್ತೇನೆ. ಈ ಮಾತಿನಿಂದ ಹಾನಿಯಾಗುತ್ತದೆ. ಬಾಧೆ ಬರುತ್ತದೆಂದು ಗೊತ್ತಿಲ್ಲದವನು ಬಂದಾಗ ಹೆದರುತ್ತಾನೆ, ಮನೆಯವರು ಅದನ್ನು ಕೊಬ್ಬು ಎಂದು ತಿಳಿಯುತ್ತಾರೆ.

ಅವನು ದಿನಗಳ ಲೆಕ್ಕ ಹೇಳುತ್ತಿದ್ದಂತೆಯೇ ಚಿತ್ರ ಸ್ಪಷ್ಟವಾಯಿತು. ಆದರೂ ಬೇರೆ ಕೆಲವನ್ನು ತಳ್ಳಿಹಾಕಬೇಕಿತ್ತು. ಮುಖ್ಯವಾದುದು ಮದ್ಯ. ದಿನಾ ಹೆಚ್ಚು ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬಂದು ಪ್ರಾಣಕ್ಕೇ ಅಪಾಯ. ಇವನು ಕುಡಿಯುತ್ತಿದ್ದುದು ಅಪರೂಪಕ್ಕೆ. ನಿದ್ರೆ ಮಾತ್ರೆ, ನೋವಿನ ಮಾತ್ರೆಗಳ ಚಟವಿರಲಿಲ್ಲ. ಥೈರಾಯ್ಡ್ ಸರಿಯಾಗಿತ್ತು. ಉನ್ಮಾದದ ಲಕ್ಷಣವಿರಲಿಲ್ಲ, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬಂಥ ಸಂಶಯಗಳಿರಲಿಲ್ಲ, ಸಾಯುವ ಯೋಚನೆ ಇರಲಿಲ್ಲ.

ಇನ್ನೆರಡು ಸಂಗತಿಗಳು ಬೆರಳಿನ ಮೇಲಿನ ಕಂದು ಕಲೆಯಿಂದ ಹೊರಬಂದವು. “ನಾನು ಸಿಗರೇಟು ಸೇದುವವನಲ್ಲ” ಎಂದಿದ್ದ. ಆದರೆ ಅವನ ಪ್ರತಿ ಸುರುಳಿಯಲ್ಲೂ ಅರ್ಧದಷ್ಟು ತಂಬಾಕು ಇರುತ್ತಿತ್ತು. ಅಂದರೆ ವರ್ಷಗಳಿಂದ ದಿನಾ ನಿಕೋಟಿನ್ ಒಳಗೆ ಹೋಗುತ್ತಿತ್ತು. ಊರಿಗೆ ಬಂದವನು ಹಿರಿಯರ ಕಣ್ಣೆದುರು ಅದನ್ನೂ ಒಟ್ಟಿಗೇ ಬಿಟ್ಟಿದ್ದ. ನಿಕೋಟಿನ್ ಬಿಟ್ಟಾಗಿನ ಸಿಡುಕು, ಚಡಪಡಿಕೆ ಕೂಡ ಮೊದಲ ಮೂರ್ನಾಲ್ಕು ದಿನಗಳಲ್ಲೇ ತೀವ್ರ. ಎರಡು ಬಾಧೆಗಳು ಒಂದರ ಮೇಲೊಂದು ಬಿದ್ದಿದ್ದವು. ನಮ್ಮ ಕಡೆ ಗಾಂಜಾ ಸೇದುವ ಬಹುತೇಕರು ಬೀಡಿ ಅಥವಾ ಸಿಗರೇಟಿನ ತಂಬಾಕಿಗೆ ಬೆರೆಸಿಯೇ ಸೇದುತ್ತಾರೆ. ಗಾಂಜಾದ ವಿಚಾರ ಮಾತ್ರ ಕೇಳಿ ತಂಬಾಕಿನದು ಕೇಳದಿದ್ದರೆ ಅರ್ಧ ಪ್ರಕರಣ ಕೈತಪ್ಪಿದಂತೆಯೇ. ಎಷ್ಟೋ ಜನ ಗಾಂಜಾ ಬಿಡಲಾಗಲಿಲ್ಲ ಎಂದು ಸೋತು ಕೂರುವುದು ನಿಜದಲ್ಲಿ ನಿಕೋಟಿನ್‌ಗೆ ಸೋತು.

ಎರಡನೆಯದು ಕಾಫಿ. ಮದುವೆ ಮನೆ, ಅದರಲ್ಲೂ ಹಾಸನದ ಕಡೆಯ ಮನೆ. ಬಂದವರಿಗೆಲ್ಲ ಕಾಫಿ, ಅವರ ಜೊತೆ ಇವನಿಗೂ ಒಂದು ಲೋಟ, ರಾತ್ರಿ ಹತ್ತಕ್ಕೂ ಒಂದು. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಕೆಫೀನನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಚುರುಕಾಗಿಸುತ್ತವೆ. ಸೇದುವವರ ಮೈಯಿಂದ ಕೆಫೀನ್ ಉಳಿದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹೊರಹೋಗುತ್ತದೆ. ಸೇದುವುದು ನಿಂತರೆ ಕೆಲವೇ ದಿನಗಳಲ್ಲಿ ಆ ಚುರುಕು ಇಳಿಯುತ್ತದೆ. ಅದೇ ಲೋಟದ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ಉಳಿದು ನಿದ್ರೆ ಕೆಡಿಸುತ್ತದೆ, ಎದೆ ಡವಗುಟ್ಟಿಸುತ್ತದೆ. ಇದನ್ನು ಹೇಳಿದಾಗ ಅವನ ಮುಖದಲ್ಲಿ ಮೊದಲ ಬಾರಿಗೆ ಆಸಕ್ತಿ ಕಂಡಿತು.

ಚಿಕಿತ್ಸೆ

ಕ್ಯಾನಬಿಸ್ ಬಿಟ್ಟಾಗಿನ ಬಾಧೆಗೆಂದೇ ಮಂಜೂರಾದ ಔಷಧಿಯಿಲ್ಲ. ಅಲ್ಪ್ರಜೋಲಾಂನಂಥ ಮಾತ್ರೆ ಕೊಟ್ಟರೆ ಆ ರಾತ್ರಿ ನಿದ್ರೆ ಬರುತ್ತದೆ, ಮನೆಯವರು ಕೈಮುಗಿಯುತ್ತಾರೆ. ಮೂರು ವಾರದಲ್ಲಿ ಒಂದು ಚಟದ ಜಾಗಕ್ಕೆ ಇನ್ನೊಂದನ್ನು ಕೂರಿಸಿ ಕಳಿಸಿದಂತಾಗುತ್ತದೆ. ನಾನು ಕೊಡಲಿಲ್ಲ. ನಿಕೋಟಿನ್ ಗಮ್ ಬರೆದುಕೊಟ್ಟೆ, ಜಗಿದು ದವಡೆಯಲ್ಲಿಟ್ಟುಕೊಳ್ಳುವ ಕ್ರಮ ತೋರಿಸಿದೆ. ಮಧ್ಯಾಹ್ನದ ನಂತರ ಕಾಫಿ ಬೇಡ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ದರೂ ಬೆಳಿಗ್ಗೆ ಆರಕ್ಕೆ ಎದ್ದು ಬಿಸಿಲಿಗೆ ಹೋಗಬೇಕು, ಇದು ಗಡಿಯಾರದ ಏರುಪೇರಿಗೂ ಮದ್ದು. ಊಟ ಸೇರದಿದ್ದರೆ ಒತ್ತಾಯ ಬೇಡ, ಗಂಜಿ, ಮಜ್ಜಿಗೆ, ಬಾಳೆಹಣ್ಣು ಸ್ವಲ್ಪ ಸ್ವಲ್ಪವೇ.

ತಾಯಿಗೆ ಏನು ಹೇಳಬೇಕೆಂಬ ಪ್ರಶ್ನೆ ಬಂತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಹೇಳುವುದು ಬಿಡುವುದು ಅವನ ಇಷ್ಟ ಎಂದೆ. ಅವನ ಒಪ್ಪಿಗೆಯಂತೆ ಇಷ್ಟನ್ನು ಹೇಳಿದೆ: “ಅಪಾಯದ ಕಾಯಿಲೆ ಏನೂ ಇಲ್ಲ. ಇನ್ನೊಂದು ವಾರ ಇವನ ಸಿಡುಕಿಗೆ ಎದುರು ಮಾತಾಡಬೇಡಿ, ಕೆಲಸ ಹೇರಬೇಡಿ, ತಿನ್ನು ತಿನ್ನು ಎನ್ನಬೇಡಿ.” ಇದರಲ್ಲಿ ಸುಳ್ಳು ಒಂದೂ ಇಲ್ಲ.

ಅವನಿಗೆ ಬೇರೆಯಾಗಿ ಒಂದು ಎಚ್ಚರಿಕೆ ಕೊಡಬೇಕಾಯಿತು. ದೊಡ್ಡಪ್ಪನ ಮಗನೊಬ್ಬ, “ನಿದ್ರೆಗೆ ಒಂದೇ ಒಂದು ಸೇದು, ತರಿಸಿಕೊಡುತ್ತೇನೆ” ಎಂದಿದ್ದನಂತೆ. 1985ರ ಮಾದಕ ವಸ್ತುಗಳ ಕಾಯ್ದೆಯಂತೆ (ಎನ್‌ಡಿಪಿಎಸ್) ಇಲ್ಲಿ ಸೇವನೆಯೂ ಅಪರಾಧ. ಒಂದು ಕಿಲೋದೊಳಗಿನ ‘ಸಣ್ಣ ಪ್ರಮಾಣ’ ಇಟ್ಟುಕೊಂಡರೂ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ವಿದೇಶದಲ್ಲಿ ಉದ್ಯೋಗದ ಪರವಾನಗಿ ಇಟ್ಟುಕೊಂಡವನಿಗೆ ಒಂದು ಎಫ್‌ಐಆರ್ ಏನು ಮಾಡಬಲ್ಲದೆಂದು ವಿವರಿಸಬೇಕಿಲ್ಲ. ಇಲ್ಲಿನವರು ತಿಳಿಯಬೇಕಾದ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ಸ್ವಇಚ್ಛೆಯಿಂದ ಸರ್ಕಾರದ ಮಾನ್ಯತೆಯ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಪಟ್ಟರೆ, ಅದೇ ಕಾಯ್ದೆಯ 64ಎ ಕಲಂ ಅವನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ.

ಹನ್ನೆರಡನೆಯ ದಿನ ಒಬ್ಬನೇ ಬಂದ. ಬೆವರು ನಿಂತಿತ್ತು. ಧಾರೆಯ ದಿನ ಪಂಕ್ತಿಯಲ್ಲಿ ಕೂತು ಎರಡು ಹೋಳಿಗೆ ತಿಂದೆ ಎಂದ. ತಂದೆಯ ಹತ್ತಿರ ಕ್ಷಮೆ ಕೇಳಿದ್ದ. ಆದರೆ ಕನಸುಗಳು ಕಾಡುತ್ತಿದ್ದವು. ವರ್ಷಗಳಿಂದ ಕನಸೇ ಬೀಳದವನಿಗೆ ಈಗ ಮುಂಜಾನೆ ಮೂರರಿಂದ ಐದರವರೆಗೆ ಒಂದರ ಹಿಂದೆ ಒಂದು, ಎದ್ದ ಮೇಲೂ ನಿಜವೋ ಸುಳ್ಳೋ ತಿಳಿಯದಷ್ಟು ನಿಚ್ಚಳ. ಟಿಎಚ್‌ಸಿ ಕನಸಿನ ನಿದ್ರೆಯನ್ನು ಅದುಮಿಡುತ್ತದೆ, ಬಿಟ್ಟಾಗ ಅದು ತುಂಬಿ ಬರುತ್ತದೆ. ಕೆಲವರಲ್ಲಿ ಇದು ಉಳಿದೆಲ್ಲ ಲಕ್ಷಣಗಳು ಹೋದ ಮೇಲೂ ವಾರಗಟ್ಟಲೆ ಇರುತ್ತದೆ.

ಕನಸಿನಲ್ಲಿ ಪದೇ ಪದೇ ಬರುತ್ತಿದ್ದವರು ಅಜ್ಜ. ತೋಟದ ಮನೆಯ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತ, ತಲೆಯೆತ್ತದೆ “ಬಂದೆಯಾ” ಎನ್ನುತ್ತಾರಂತೆ. ಅಜ್ಜ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ, ಕೋವಿಡ್‌ನಿಂದ. ಆಗ ಕೆನಡಾ ಭಾರತದ ನೇರ ವಿಮಾನಗಳನ್ನು ತಡೆದಿತ್ತು. ಬಂದರೆ ಮರಳಿ ಹೋಗುವುದು ಬಹಳ ಕಷ್ಟವಿತ್ತು. ಉತ್ತರಕ್ರಿಯೆಯನ್ನು ಮೊಬೈಲಿನಲ್ಲಿ ನೋಡಿದ್ದ. ಹಗಲಿನಲ್ಲಿ ಸೇದಲು ಶುರುಮಾಡಿದ ತಿಂಗಳೂ ಅದೇ. ಮೊದಲ ಭೇಟಿಯಲ್ಲಿ ಅವನೇ ಕೊಟ್ಟ ದಿನಾಂಕವನ್ನು ಅವನ ಮುಂದಿಟ್ಟಾಗ ಬಹಳ ಹೊತ್ತು ಅತ್ತ.

ಕನಸುಗಳಿಗೆ ಅರ್ಥ ಹಚ್ಚುವವನಲ್ಲ ನಾನು. ಅವು ಬಂದದ್ದು ನಿದ್ರೆಯ ರಾಸಾಯನಿಕ ಕಾರಣಕ್ಕೆ. ಆದರೆ ಯಾವ ನೋವಿನ ಮೇಲೆ ಹೊಗೆ ಕವಿದಿತ್ತೆಂಬುದು ಈ ಬಿಡುವಿನಲ್ಲಿ ಹೊರಬಂತು. ಬಿಡುವು ತೆಗೆದುಕೊಳ್ಳುವವರಿಗೆಲ್ಲ ನಾನು ಒತ್ತಿ ಹೇಳುವುದು ಇದನ್ನೇ. ಎಷ್ಟು ದಿನವಾಯಿತು ಎಂದು ಮಾತ್ರ ಲೆಕ್ಕ ಹಾಕುತ್ತ ಕೂತರೆ, ವರ್ಷಗಳಿಂದ ಮುಚ್ಚಿಟ್ಟದ್ದು ಕಣ್ಣೆದುರು ನಿಂತರೂ ಕಾಣುವುದಿಲ್ಲ. ಮದುವೆ ಮುಗಿದ ಮೇಲೆ ಅವನು ತಾಯಿಯೊಂದಿಗೆ ತೋಟದ ಮನೆಗೆ ಹೋಗಿ ಎರಡು ದಿನ ಉಳಿದ. ನಾಲ್ಕು ವರ್ಷದ ಹಿಂದೆ ಆಗಬೇಕಿದ್ದ ಮಾತುಗಳು ಅಲ್ಲಿ ಆದವು. ಸೇದುವ ವಿಚಾರವನ್ನೂ ತಾಯಿಗೆ ತಾನೇ ಹೇಳಿದ.

ಮರಳಿ ಹೋಗುವ ಮುನ್ನ

ಹೊರಡುವ ಎರಡು ದಿನ ಮೊದಲು ಮೂರನೆಯ ಭೇಟಿ. ತೂಕ ಮರಳಿತ್ತು, ನಿದ್ರೆ ಆರು ಗಂಟೆ. ಅವನ ಪ್ರಶ್ನೆ ನೇರವಾಗಿತ್ತು: “ಈಗ ಟಾಲರೆನ್ಸ್ ಇಳಿದಿರುತ್ತದೆಯೇ?”

ಇಳಿದಿರುತ್ತದೆ. ಟಿಎಚ್‌ಸಿ ಕೆಲಸ ಮಾಡುವುದು ಮಿದುಳಿನ ಸಿಬಿ1 ಎಂಬ ಗ್ರಾಹಕಗಳ, ಅಂದರೆ ನರಕೋಶದ ಮೇಲೆ ಅದು ಅಂಟಿಕೊಳ್ಳುವ ತಾಣಗಳ ಮೂಲಕ. ದಿನಾ ಸೇದುತ್ತಿದ್ದರೆ, ಜಾತ್ರೆಯ ಧ್ವನಿವರ್ಧಕದ ಪಕ್ಕದ ಮನೆಯವರು ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿಕೊಳ್ಳುವಂತೆ, ನರಕೋಶಗಳು ಈ ಗ್ರಾಹಕಗಳನ್ನು ಒಳಗೆಳೆದುಕೊಳ್ಳುತ್ತವೆ. 2012ರಲ್ಲಿ ಪ್ರಕಟವಾದ ಅಮೆರಿಕದ ಪಿಇಟಿ ಸ್ಕ್ಯಾನ್ ಅಧ್ಯಯನವೊಂದರಲ್ಲಿ, ದಿನನಿತ್ಯ ಸೇದುವವರ ಮಿದುಳಿನ ಹೊರಪದರದಲ್ಲಿ ಸಿಬಿ1 ಗ್ರಾಹಕಗಳು ಸುಮಾರು 20 ಶೇಕಡಾ ಕಡಿಮೆ ಕಂಡವು. ಸುಮಾರು ನಾಲ್ಕು ವಾರ ಬಿಟ್ಟ ಮೇಲೆ ಬಹುತೇಕ ಭಾಗಗಳಲ್ಲಿ ಮರಳಿ ಏರಿದ್ದವು. 2016ರ ಇನ್ನೊಂದು ಅಧ್ಯಯನದಲ್ಲಿ ಈ ಏರಿಕೆ ಎರಡೇ ದಿನಗಳಲ್ಲಿ ಶುರುವಾದದ್ದು ಗೊತ್ತಾಯಿತು. ಮೂತ್ರ ಪರೀಕ್ಷೆಯಲ್ಲಿ ಇನ್ನೂ ಗಾಂಜಾ ಸಿಗಬಹುದು. ಟಿಎಚ್‌ಸಿ ಕೊಬ್ಬಿನಲ್ಲಿ ಕೂತು ನಿಧಾನವಾಗಿ ಹೊರಬರುವುದರಿಂದ, ಹೆಚ್ಚು ಸೇದುತ್ತಿದ್ದವರಲ್ಲಿ ತಿಂಗಳಾದರೂ ಸಿಗುವುದುಂಟು. ಅದಕ್ಕೂ ತಾಳಿಕೆಗೂ ಸಂಬಂಧವಿಲ್ಲ.

ತಾಳಿಕೆ ಇಳಿದಿದೆ ಎಂಬ ಕಾರಣಕ್ಕೇ ಮರಳಿದ ಮೊದಲ ದಿನ ಅತಿ ಅಪಾಯದ್ದು. ಕೈಗೆ ಹಳೆಯ ಅಳತೆಯೇ ಅಭ್ಯಾಸ, ಮೈಗೆ ಆ ಅಳತೆ ಈಗ ಹೊಸದು. ಎದೆಬಡಿತ ಏಕಾಏಕಿ ಏರುತ್ತದೆ, ಎದ್ದು ನಿಂತರೆ ರಕ್ತದೊತ್ತಡ ಕುಸಿದು ಬೀಳಬಹುದು, ಸಾಯುತ್ತೇನೆಂಬ ಭಯ ಹಿಡಿಯಬಹುದು. ನನ್ನ ಅಭಿಪ್ರಾಯವನ್ನು ಮರೆಮಾಡಲಿಲ್ಲ: ಇಷ್ಟು ಕಷ್ಟಪಟ್ಟು ಬಿಟ್ಟಿರುವೆ, ಇನ್ನೂ ಮೂರು ತಿಂಗಳು ಬಿಟ್ಟು ನೋಡು, ಬೇಕೋ ಬೇಡವೋ ಆಗ ನಿನಗೇ ತಿಳಿಯುತ್ತದೆ ಎಂದೆ. ಅವನು ಶನಿವಾರ ಮಾತ್ರ ಎಂದ. ವಯಸ್ಕ, ಅಲ್ಲಿ ಅದು ಕಾನೂನುಬದ್ಧ. ಹಾಗಾಗಿ ಅವನ ಆಯ್ಕೆಯೊಳಗೇ ಸುರಕ್ಷತೆಯ ಮಾತಾಡಿದೆವು. ತಂಬಾಕು ಬೆರೆಸಬಾರದು. ವೇಪ್ ಬೇಡವೇ ಬೇಡ. ಕೆನಡಾದ ಆರೋಗ್ಯ ಇಲಾಖೆಯೇ ಸೇದುವವರಿಗೆ 10 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ಟಿಎಚ್‌ಸಿ, ತಿನ್ನುವವರಿಗೆ 2.5 ಮಿಲಿಗ್ರಾಂ ಅಥವಾ ಕಡಿಮೆಯಿಂದ ಶುರುಮಾಡಿ ಎನ್ನುತ್ತದೆ. ಅದನ್ನು ಮೀರಬಾರದು. ಆ ದಿನ ವಾಹನ ಓಡಿಸಬಾರದು, ಒಬ್ಬನೇ ಇರಬಾರದು. ಮನೆಯಲ್ಲಿ ಉಳಿದಿರುವ ಹಳೆಯ ದಾಸ್ತಾನನ್ನು ಬಾಗಿಲು ತೆರೆದ ಕೂಡಲೇ ಹೊರಹಾಕಬೇಕು.

ಇಲ್ಲಿನ ರೋಗಿಗಳಿಗೆ ಈ ಮಾತುಗಳನ್ನು ನಾನು ಹೇಳಲಾರೆ. ಇಲ್ಲಿ ಪೊಟ್ಟಣದ ಮೇಲೆ ಶೇಕಡಾವಾರು ಬರೆದಿರುವುದಿಲ್ಲ, ಒಳಗೇನಿದೆಯೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಅಳೆಯಲಾಗದ್ದನ್ನು ಕಡಿಮೆಯಿಂದ ಶುರುಮಾಡು ಎನ್ನುವುದರಲ್ಲಿ ಅರ್ಥವಿಲ್ಲ. ಕರ್ನಾಟಕದಲ್ಲಿ ಕೂತು ನನ್ನನ್ನು ಕೇಳುವವರಿಗೆ ನನ್ನ ಉತ್ತರ ಒಂದೇ: ಬಿಟ್ಟಿದ್ದೀರಿ, ಮರಳಬೇಡಿ. ಮನೆಯಲ್ಲಿ ಯಾರಿಗಾದರೂ ಚಿತ್ತವಿಕಲತೆಯಂಥ ಕಾಯಿಲೆಯಿದ್ದರೆ ಈ ಮಾತನ್ನು ಟೊರಾಂಟೋದವನಿಗೂ ಅಷ್ಟೇ ಗಟ್ಟಿಯಾಗಿ ಹೇಳುತ್ತಿದ್ದೆ. ಇವನ ಕುಟುಂಬದಲ್ಲಿ ಹಾಗಿರಲಿಲ್ಲ.

ಮುಂದೇನಾಯಿತು

ಮರಳಿದ ಮೊದಲ ಶನಿವಾರ. ಮೇಜಿನ ಖಾನೆಯಲ್ಲಿ ಹಳೆಯ ಡಬ್ಬಿ ಹಾಗೇ ಇತ್ತು, ಎಸೆದಿರಲಿಲ್ಲ. ಹಳೆಯ ಅಳತೆಯ ಒಂದು ಸುರುಳಿ ಸುತ್ತಿ ಮುಕ್ಕಾಲು ಭಾಗ ಸೇದಿದ. ಇಪ್ಪತ್ತು ನಿಮಿಷದೊಳಗೆ ಎದೆ ಬಿರಿಯುವಂತಾಗಿ, ಕೈಬೆರಳು ಜೋಮು ಹಿಡಿದು, ಹೃದಯಾಘಾತವೇ ಎಂದು ನೆಲಕ್ಕೆ ಕುಸಿದ. ಜೊತೆಗಿದ್ದ ಗೆಳೆಯ ಆ್ಯಂಬುಲೆನ್ಸ್ ಕರೆದ. ಆಸ್ಪತ್ರೆಯಲ್ಲಿ ನಾಡಿ ನಿಮಿಷಕ್ಕೆ 140ರ ಹತ್ತಿರ, ಇಸಿಜಿಯಲ್ಲಿ ವೇಗ ಬಿಟ್ಟರೆ ಬೇರೆ ದೋಷವಿಲ್ಲ. ಕೆಲವು ಗಂಟೆ ನೋಡಿಕೊಂಡು ಮನೆಗೆ ಕಳಿಸಿದರು. ಇದನ್ನೆಲ್ಲ ಮರುದಿನ ಅವನೇ ಬರೆದು ತಿಳಿಸಿದ. ಇಲ್ಲಿಂದ ಅಲ್ಲಿನವರಿಗೆ ನಾನು ಚಿಕಿತ್ಸೆ ಕೊಡುವಂತಿಲ್ಲ. ಅಲ್ಲಿನ ಕುಟುಂಬ ವೈದ್ಯರನ್ನು ಕಾಣಲು ಹೇಳಿ, ಅವನ ಕೋರಿಕೆಯಂತೆ ಪ್ರಕರಣದ ಸಾರಾಂಶ ಕಳಿಸಿದೆ.

ಆ ಭಯದಲ್ಲಿ ಕೆಲವು ತಿಂಗಳು ಮುಟ್ಟಲಿಲ್ಲ. ಚಳಿಗಾಲ ಬಂದು ಸಂಜೆ ಐದರ ಹೊತ್ತಿಗೇ ಕತ್ತಲಾಗುವ ದಿನಗಳಲ್ಲಿ ಶನಿವಾರಕ್ಕೆ ಮರಳಿದ, ಕೆಲವು ವಾರಗಳಲ್ಲಿ ಅದು ಬುಧವಾರಕ್ಕೂ ಹರಡಿತು. ಆಗ ತಾನೇ ಹೋಗಿ ಅಲ್ಲಿನ ಆಪ್ತಸಮಾಲೋಚಕರೊಬ್ಬರನ್ನು ಕಂಡ. ಈಗ ಅವರೊಂದಿಗೆ ಅಜ್ಜನ ಸಾವಿನ ಬಗ್ಗೆಯೂ ಮಾತಾಡುತ್ತಿದ್ದಾನೆ. ತಂಬಾಕು ಪೂರ್ತಿ ನಿಂತಿದೆ. ಕ್ಯಾನಬಿಸ್ ಪೂರ್ತಿ ನಿಂತಿಲ್ಲ, ಆದರೆ ನಿದ್ರೆಗೆ ಅದು ಬೇಕಾಗಿಲ್ಲ.

ಈ ಪ್ರಕರಣವನ್ನು ಓದುವ ವೈದ್ಯ ಮಿತ್ರರಲ್ಲಿ ಒಂದು ವಿನಂತಿ. ರಜೆಗೆ ಬಂದ ಮಗ ಅಥವಾ ಮಗಳು ಮೊದಲ ವಾರದಲ್ಲೇ ಜ್ವರವಿಲ್ಲದೆ ಬೆವರಿ, ಊಟ ಬಿಟ್ಟು, ರೇಗಾಡುತ್ತಿದ್ದರೆ ಮನೆಯವರನ್ನು ಹೊರಗೆ ಕಳಿಸಿ ಗಾಂಜಾ ಸೇದುವ ಅಭ್ಯಾಸವಿದೆಯೇ ಎಂದು ಕೇಳಿ. ತಂಬಾಕನ್ನೂ ಕೇಳಿ. ತಾವೇ ಬಿಡುವು ತೆಗೆದುಕೊಂಡು ಬಾಧೆಪಡುತ್ತಿರುವವರು ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ತಂಗಿಯ ಸೀಮಂತಕ್ಕೆ ಅವನು ಮತ್ತೆ ಬರುವವನಿದ್ದಾನೆ. ಈ ಸಲ ಹೊರಡುವುದಕ್ಕೆ ನಾಲ್ಕು ವಾರ ಮೊದಲೇ ಬುಧವಾರದ್ದನ್ನು ನಿಲ್ಲಿಸಿ, ಎರಡು ವಾರ ಮೊದಲು ಶನಿವಾರದ್ದನ್ನೂ ನಿಲ್ಲಿಸುವುದೆಂದು ಅಲ್ಲಿನ ಸಮಾಲೋಚಕರೊಂದಿಗೆ ಕೂತು ಬರೆದ ಪಟ್ಟಿಯನ್ನು ನನಗೆ ಕಳಿಸಿದ್ದಾನೆ. ಡಬ್ಬಿಯನ್ನು ಗೆಳೆಯನ ಎದುರೇ ಖಾಲಿ ಮಾಡುವುದು ಅದರಲ್ಲಿ ಮೊದಲ ಸಾಲು.